ಅಪ್ಪಣೆ ಕೊಡುತ್ತಿದ್ದ ಪಿಕಪ್ಪು

ನಮ್ಮ ಪಿಕಪ್ಪಿನ ಕೀಲಿ ತಿರುಗಿಸಿ, ಕೆಳಗಿಳಿದು, ಒಳಗೆ ಹೋಗಿ ಕಾಫಿ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಮತ್ತೆ ಬಂದು ಸೀಟಿನಲ್ಲಿ ಕೂತರೆ ಆಗ ಸರಿಯಾಗಿ ಅದು ಸ್ಟಾರ್ಟ್ ಆಗುತ್ತಿತ್ತು. ಕಾಫಿಯನ್ನು ಆರಿಸಿಕೊಂಡು ಕುಡಿಯುವ ಅಭ್ಯಾಸವಿದ್ದರೆ ಇನ್ನೂ ಒಳ್ಳೆಯದು. ಇದನ್ನು ದೂರು ಎಂದು ತಿಳಿಯಬಾರದು. ಇಡೀ ಏಷ್ಯಾ ಖಂಡದಲ್ಲಿ ಅಂಥ ಗಾಡಿ ಇದ್ದದ್ದು ಒಂದೇ, ಅದೂ ನಮ್ಮೂರು ಗಂಡಸಿಯಲ್ಲಿ, ನನ್ನ ಮನೆಯ ಮುಂದಿನ ಹುಣಸೆಮರದ ಕೆಳಗೆ. ಜಪಾನಿನಲ್ಲೂ ಇವೆಯಂತೆ ಎಂದು ಯಾರೋ ಹೇಳಿದರು. ಇರಲಿ ಬಿಡಿ, ಪಾಪ, ಅವರೂ ಬದುಕಬೇಕು. ಅದರಿಂದ ನನ್ನ ಮಗಳು ಶಿಲ್ಪಶ್ರೀಯ ಮದುವೆ ಮುರಿದು ಬೀಳುವುದು ಕೂದಲೆಳೆಯಲ್ಲಿ ತಪ್ಪಿತು ಎನ್ನುವುದೊಂದನ್ನು ಬಿಟ್ಟರೆ ಆ ಗಾಡಿಯಲ್ಲಿ ಹೇಳಿಕೊಳ್ಳುವಂಥ ದೋಷವೇನೂ ಇರಲಿಲ್ಲ.

ಅದನ್ನು ಹುಟ್ಟಿಸಿದವನು ನನ್ನ ಹೆಂಡತಿ ರಂಗಮ್ಮನ ತಮ್ಮ ಉಮೇಶ. ಡಿಪ್ಲೊಮಾ ಓದಿ ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದ. ಎರಡು ಸಾವಿರದ ನಾಲ್ಕನೆಯ ಇಸವಿಯಲ್ಲಿ ಲೈಬ್ರರಿಯಲ್ಲಿ ಯಾವುದೋ ಇಂಗ್ಲಿಷ್ ಮ್ಯಾಗಜೀನು ಅವನ ಕೈಗೆ ಸಿಕ್ಕಿತು. ಅವತ್ತೇ ಸಂಜೆ ಬಂದು, ನಾನು ತೆಂಗಿನಕಾಯಿ ಬಾಡಿಗೆಗೆ ಓಡಿಸುತ್ತಿದ್ದ ಹಳೇ ಡೀಸೆಲ್ ಪಿಕಪ್ಪನ್ನು ಒಂದು ವಾರದ ಮಟ್ಟಿಗೆ ಕೇಳಿಕೊಂಡು ಹೋದ. ಮುಂಗಾರು ಮುಗಿದು, ರಾಗಿ ತೆನೆ ಬಾಗಿ, ಒಕ್ಕಣೆಯೂ ಆದ ಮೇಲೆ ವಾಪಸ್ಸು ತಂದ. ಎಂಜಿನ್ನಿನ ಪಕ್ಕಕ್ಕೆ ರೈಲ್ವೆ ಗುಜರಿ ಹರಾಜಿನಲ್ಲಿ ಸಿಕ್ಕ ಒಂದು ಕರೆಂಟ್ ಮೋಟಾರು ಬಂದು ಕೂತಿತ್ತು. ಹಿಂದೆ ಸಾಮಾನು ಹೇರುವ ಜಾಗದ ಅರ್ಧಕ್ಕೆ ಟ್ರ್ಯಾಕ್ಟರ್ ಬ್ಯಾಟರಿಗಳು. ಸೀಟಿನ ಕೆಳಗೆ ಒಂದು ತಗಡಿನ ಡಬ್ಬ.

“ಭಾವ, ಇದು ಹೈಬ್ರಿಡ್,” ಅಂದ. “ಬ್ಯಾಟರೀಲೂ ಓಡುತ್ತೆ, ಡೀಸೆಲ್‌ನಲ್ಲೂ ಓಡುತ್ತೆ. ಗಾಡಿ ನಿಂತ್ರೆ ಎಂಜಿನ್ ತಾನೇ ಆಫ್ ಆಗುತ್ತೆ. ಯಾವಾಗ ಯಾವುದು ಬೇಕು ಅಂತ ಈ ಡಬ್ಬ ಯೋಚ್ನೆ ಮಾಡುತ್ತೆ.”

ಡಬ್ಬ ಯೋಚನೆ ಮಾಡುತ್ತಿದ್ದದ್ದು ನಿಜ. ನಮ್ಮ ಪಂಚಾಯಿತಿ ಹುಟ್ಟಿದಂದಿನಿಂದ ಮಾಡಿದ ಯೋಚನೆಯನ್ನೆಲ್ಲ ಸೇರಿಸಿದರೂ ಅದರ ಒಂದು ಬೆಳಗಿನ ಯೋಚನೆಗೆ ಸಮ ಬರುತ್ತಿರಲಿಲ್ಲ. ಕೀಲಿ ತಿರುಗಿಸಿದರೆ ಮೌನ. ಸ್ಟಾರ್ಟ್ ಆದ ಮೇಲಾದರೂ ಸುಖವಿತ್ತೇ ಎಂದರೆ ಅದೂ ಇಲ್ಲ. ಗಂಡಸಿಯಲ್ಲಿ ಆಕ್ಸಿಲರೇಟರ್ ತುಳಿದರೆ ಆ ಸುದ್ದಿ ಗಾಡಿಗೆ ತಲುಪುವುದು ಊರಾಚೆ ರಸ್ತೆಗಳು ಕೂಡುವ ಹ್ಯಾಂಡ್‌ಪೋಸ್ಟಿನಲ್ಲಿ. ತಲುಪಿದ ಮೇಲೆ ಮಾತ್ರ ಇಷ್ಟು ಹೊತ್ತು ಸುಮ್ಮನಿದ್ದದ್ದಕ್ಕೆ ನಾಚಿಕೆಯಾದಂತೆ ಒಂದೇ ನೆಗೆತ.

ಪಕ್ಕದ ಮನೆಯ ಕೆಂಚಪ್ಪ ನನ್ನ ಜೊತೆ ಮಣ್ಣಿನಲ್ಲಿ ಆಡಿ ಬೆಳೆದವನು. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದು, “ಹೈಬ್ರಿಡ್ ಅಂದ್ರೆ ಹೊತ್ಗೆ ಎಷ್ಟ್ ಲೀಟ್ರು ಕೊಡ್ತದ್ಲಾ?” ಎಂದು ಕೇಳಿದ. ಹಸು ಕಟ್ಟಿದವನಿಗೆ ವಿಜ್ಞಾನ ಹೇಳಿ ಪ್ರಯೋಜನವಿಲ್ಲ.

ಒಂದು ಬೆಳಗ್ಗೆ ಅದೇ ಕೆಂಚಪ್ಪ ಅರಸೀಕೆರೆ ಮಾರ್ಕೆಟ್ಟಿಗೆ ತೆಂಗಿನಕಾಯಿ ಹೇರಿಸಿ ನನ್ನ ಪಕ್ಕದಲ್ಲಿ ಹತ್ತಿ ಕೂತ. ನಾನು ಕೀಲಿ ತಿರುಗಿಸಿದೆ.

“ಸ್ಟಾರ್ಟ್ ಮಾಡ್ಲಾ,” ಅಂದ.

“ಮಾಡಿದೀನಿ.”

“ಮಾಡಿದ್ರೆ ಸದ್ದೆಲ್ಲಿ?”

“ಬತ್ತದೆ.”

ಕೆಂಚಪ್ಪ ಎಲೆಯಡಿಕೆ ಚೀಲ ಬಿಚ್ಚಿದ. ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿಕೊಂಡು, ಅಗಿದು, ರಸ ನುಂಗಿ, ಕಿಟಕಿಯಾಚೆ ಉಗಿದು ಕೇಳಿದ. “ಬಂತಾ?”

“ದಾರೀಲೈತೆ.”

“ಏನ್ಲಾ ನಂಜುಂಡ, ಇದು ಗಾಡಿಯೋ ಗದ್ದುಗೆಯೋ? ನಮ್ ಎತ್ತಿನ ಗಾಡಿ ಕಟ್ಟಿದ್ರೆ ಇಷ್ಟೊತ್ಗೆ ಹೋಗಿ, ಕಾಯಿ ಮಾರಿ, ದೋಸೆ ತಿನ್ಕಂಡ್ ಬರಬೋದಾಗಿತ್ತು.”

ಬೀದಿ ನಲ್ಲಿಯ ಹತ್ತಿರ ಕೊಡ ಇಟ್ಟಿದ್ದ ಹೆಂಗಸರು ಕಿಸಕ್ಕೆಂದರು. ಜಗಲಿಯ ಮೇಲಿದ್ದ ಗಂಡಸರು ಬೀಡಿಯನ್ನು ಬಾಯಿಂದ ತೆಗೆದು ನಕ್ಕರು. ಬೇರೆ ಯಾರಾಗಿದ್ದರೂ ‘ಮಿಷನ್ನು ಸ್ವಲ್ಪ ಕೆಟ್ಟಿದೆ’ ಎಂದು ಹೇಳಿ ಮಾನ ಉಳಿಸಿಕೊಳ್ಳುತ್ತಿದ್ದರು. ನಮ್ಮ ವಂಶದಲ್ಲಿ ಆ ಪದ್ಧತಿಯಿಲ್ಲ.

“ನೋಡು ಕೆಂಚಪ್ಪ,” ಅಂದೆ, “ಇದು ನಿನ್ನ ಎತ್ತಲ್ಲ, ಬಾಲ ಹಿಂಡಿದ ತಕ್ಷಣ ಹೊರಡೋಕೆ. ಹೊತ್ತು ಸರಿ ಇಲ್ಲ ಅಂದ್ರೆ ಇದು ಹೊರಡಲ್ಲ. ಮುಂದೆ ಏನೋ ಐತೆ. ಅದ್ಕೆ ಗೊತ್ತಾಗೈತೆ, ನಿಂಗೆ ಗೊತ್ತಾಗಿಲ್ಲ.”

ಹೇಳಿ ಬಾಯಿ ಮುಚ್ಚಿರಲಿಲ್ಲ, ಅರಸೀಕೆರೆ ಕಡೆಯಿಂದ ಬೈಕಿನಲ್ಲಿ ಬಂದವನೊಬ್ಬ ಕಾಲೂರಿ ನಿಂತು ಹೇಳಿದ. “ಕಾಯಿ ಹೇರ್ಕಂಡು ಎಲ್ಲಿಗ್ ಹೊಂಟ್ರಿ? ಮಾರ್ಕೆಟ್ನಲ್ಲಿ ಹಮಾಲರು ಮುಷ್ಕರ ಕೂತವ್ರೆ. ಬೆಳಗ್ಗೆ ಹೋದೋರೆಲ್ಲ ಬಿಸಿಲಲ್ಲಿ ಒಣಗ್ತಾವ್ರೆ.”

ಕೆಂಚಪ್ಪ ಅಗಿಯುವುದನ್ನು ನಿಲ್ಲಿಸಿದ. ನನ್ನನ್ನು ನೋಡಿದ. ಸೀಟನ್ನು ನೋಡಿದ. ಮೆಲ್ಲಗೆ ಇಳಿದು, ಚಪ್ಪಲಿ ಬಿಟ್ಟು, ಗಾಡಿಯ ಮುಂದೆ ಹೋಗಿ ಎರಡೂ ಕೈ ಮುಗಿದ. ಆ ಗಳಿಗೆಗೇ ಎಂಜಿನ್ನು ಡರ್ರೆಂದು ಸ್ಟಾರ್ಟ್ ಆಯಿತು.

ಅಲ್ಲಿಗೆ ನನ್ನ ಬಾಡಿಗೆ ಕಸುಬು ಮುಗಿಯಿತು.

ನಮ್ಮ ಕಡೆ ಯಾವ ಕೆಲಸಕ್ಕೂ ದೇವರ ಅಪ್ಪಣೆ ಕೇಳುವ ಪದ್ಧತಿಯಿದೆ. ದೇವರ ಮೈಮೇಲೆ ಹೂ ಏರಿಸಿ, ಮನಸ್ಸಿನಲ್ಲಿರುವುದನ್ನು ಕೇಳಿ ಕಾಯುವುದು. ಬಲಗಡೆಯ ಹೂ ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಆದರೆ ಮಾಲೇಕಲ್ಲಿನ ವೆಂಕಟರಮಣನನ್ನು ಕೇಳಬೇಕಾದರೆ ಬೆಟ್ಟ ಹತ್ತಬೇಕು, ಮಂಡಿ ನೋಯುತ್ತದೆ. ಇಲ್ಲಿ ಟೈರಿನ ಹತ್ತಿರ ನಿಂತರೆ ಸಾಕು. ಕೀಲಿ ತಿರುಗಿಸಿದ ತಕ್ಷಣ ಸ್ಟಾರ್ಟ್ ಆದರೆ ಅಪ್ಪಣೆ. ತಡ ಮಾಡಿದರೆ ಬೇಡ ಎಂದರ್ಥ. ಈ ಶಾಸ್ತ್ರವನ್ನು ಬರೆದವನು ಕೆಂಚಪ್ಪ. ಅದಕ್ಕೆ ಅವನೇ ಪೂಜಾರಿಯೂ ಆದ. ಬಾನೆಟ್ಟಿನ ಮೇಲೆ ಅಂಗೈಯಗಲ ಕುಂಕುಮ ಬಂತು. ಹಾರ ಬಂತು. ಕೀಲಿಯ ತೂತಿಗೂ ಯಾರೋ ವಿಭೂತಿ ತುಂಬಿದರು, ಅದರಿಂದ ಗಾಡಿ ಇನ್ನಷ್ಟು ನಿಧಾನವಾಯಿತು.

ತೊಂದರೆ ಏನೆಂದರೆ ಗಾಡಿ ತಕ್ಷಣ ಸ್ಟಾರ್ಟ್ ಆದದ್ದೇ ಇಲ್ಲ. ಆದ್ದರಿಂದ ಅದು ಎಲ್ಲದಕ್ಕೂ ಬೇಡ ಎನ್ನುತ್ತಿತ್ತು. ಬೋರು ಕೊರೆಸಲೇ ಎಂದು ಕೇಳಿದರು, ಬೇಡವೆಂದಿತು. ಎಮ್ಮೆ ಮಾರಲೇ, ಬೇಡ. ಪಂಚಾಯಿತಿ ಎಲೆಕ್ಷನ್ನಿಗೆ ನಿಲ್ಲಲೇ ಎಂದು ಕೇಳಿದವನಿಗೂ ಬೇಡವೆಂದಿತು, ಅದೊಂದು ಉಪಕಾರ. ನಮ್ಮೂರಿನ ಸೋಮಾರಿಗಳಿಗಂತೂ ಹಬ್ಬ. ಬೆಳಗಾಗುತ್ತಲೇ ಸಾಲಾಗಿ ಬಂದು ನಿಂತು, “ಇವತ್ತು ತೋಟಕ್ ನೀರು ಕಟ್ಟಕ್ಕೆ ಹೋಗ್ಲಾ?” ಎಂದು ಭಕ್ತಿಯಿಂದ ಕೇಳಿ, ಗಾಡಿಯ ಮೌನಕ್ಕೆ ತಲೆಬಾಗಿ, ಮನೆಗೆ ಹೋಗಿ ಮುಸುಕೆಳೆದು ಮಲಗುತ್ತಿದ್ದರು. ಗಂಡಸಿಗೆ ಗಂಡಸಿಯೇ ಕೆಲಸ ನಿಲ್ಲಿಸಿ ಕೂತಿತು. ಕೋಳಿಗಳು ಮಾತ್ರ ಯಾರನ್ನೂ ಕೇಳದೆ ಮೊಟ್ಟೆಯಿಟ್ಟವು.

ಕೊನೆಗೆ ಹೆಂಗಸರೆಲ್ಲ ಸೇರಿ ರಂಗಮ್ಮನ ಹತ್ತಿರ ಬಂದರು. ಹಾಲಿನ ಡೈರಿಯ ದ್ರಾಕ್ಷಾಯಣಿ ಮುಂದೆ.

“ನೋಡ್ ರಂಗಕ್ಕ,” ಅಂದಳು, “ನಮ್ಮನೆಯೋರು ಹಾಸಿಗೆ ಬಿಟ್ಟು ಏಳ್ತಿಲ್ಲ. ಕೇಳಿದ್ರೆ ಪಿಕಪ್ಪು ಬೇಡ ಅಂದೈತೆ ಅಂತಾರೆ. ಹಂಗೇ ಊಟಕ್ ಏಳಬೇಕೋ ಬೇಡ್ವೋ ಅಂತಾನೂ ಕೇಳ್ಕಂಬರ್ರಿ ಅಂದ್ರೆ, ಅದನ್ ಮಾತ್ರ ಕೇಳಲ್ಲ.”

ರಂಗಮ್ಮ ನನ್ನ ಕಡೆ ತಿರುಗಿ, “ಏನ್ರೀ, ಇದ್ದದ್ನ ಇದ್ದಂಗೆ ಹೇಳ್ಬಾರ್ದಾ?” ಎಂದಳು.

ಹೇಳಬಹುದಾಗಿತ್ತು. ಆದರೆ ಆ ಹೊತ್ತಿಗೆ ಹೋಟೆಲಿನಲ್ಲಿ ನಾನು ಬಂದರೆ ಬೆಂಚು ಒರೆಸಿ ಕೂರಿಸುತ್ತಿದ್ದರು. ಆ ಮರ್ಯಾದೆ ನನ್ನಪ್ಪನಿಗೆ ಸಿಕ್ಕಿರಲಿಲ್ಲ, ಅಜ್ಜನಿಗಂತೂ ಹೋಟೆಲೇ ಸಿಕ್ಕಿರಲಿಲ್ಲ. ಮರ್ಯಾದೆಯೇನೋ ಸರಿ, ಆದರೆ ದಣಿವಾಗುತ್ತಿತ್ತು. ಗೊಬ್ಬರ ಹೇರುವಂತಿಲ್ಲ, ಮೈಲಿಗೆ. ಕುರಿ ಹೇರುವಂತಿಲ್ಲ, ದೇವರ ಗಾಡಿ. ನಾನೇ ಕೀಲಿ ಮುಟ್ಟಬೇಕಾದರೂ ಕೆಂಚಪ್ಪ, “ಕಾಲ್ ತೊಳ್ಕಂಡ್ಯೇನ್ಲಾ?” ಎಂದು ಕೇಳುತ್ತಿದ್ದ.

ಸರ್ಕಾರವೂ ಒಮ್ಮೆ ಬಂದು ನೋಡಿತು. ಹ್ಯಾಂಡ್‌ಪೋಸ್ಟಿನಲ್ಲಿ ಆರ್‌ಟಿಓ ಆಫೀಸಿನ ಹೊಸ ಬ್ರೇಕ್ ಇನ್‌ಸ್ಪೆಕ್ಟರು ಕೈ ಅಡ್ಡ ಹಾಕಿದರು. ಗಾಡಿ ನಿಂತಿತು, ನಿಂತ ತಕ್ಷಣ ಪದ್ಧತಿಯಂತೆ ಎಂಜಿನ್ನೂ ನಿಂತಿತು. ಅವರು ಬ್ಯಾಟರಿ ನೋಡಿದರು, ಮೋಟಾರು ನೋಡಿದರು, ಬಗ್ಗಿ ಡಬ್ಬವನ್ನೂ ನೋಡಿದರು.

“ಏನ್ರೀ ಇದು? ಇದಕ್ಕೆ ಪರ್ಮಿಷನ್ ಯಾರು ಕೊಟ್ರು?”

ಹಿಂದೆ ಕೂತಿದ್ದ ಕೆಂಚಪ್ಪ ಹೇಳಿದ. “ಅದ್ಕೆ ಯಾರೂ ಕೊಡಲ್ಲ ಸಾ. ಅದೇ ಎಲ್ರಿಗೂ ಕೊಡ್ತದೆ.”

ಸಾಹೇಬರು ನನ್ನನ್ನು ಇಳಿಸಿ ತಾವೇ ಹತ್ತಿ ಕೂತು ಕೀಲಿ ತಿರುಗಿಸಿದರು. ಮೌನ. ಆಕ್ಸಿಲರೇಟರ್ ತುಳಿದರು. ಮೌನ. ಇನ್ನೂ ಬಲವಾಗಿ ತುಳಿದರು.

“ಕೇಸ್ ಹಾಕ್ಬೇಡಿ ಅಂತೈತೆ ಸಾ,” ಎಂದ ಕೆಂಚಪ್ಪ.

“ಡಬ್ಬಾ ಗಾಡಿ,” ಎಂದು ಸಾಹೇಬರು ಕಾಲು ತೆಗೆದು, ಸ್ಟಿಯರಿಂಗ್ ಮೇಲೆ ಪುಸ್ತಕ ಇಟ್ಟು, ಪೆನ್ನಿನ ಟೋಪಿ ತೆಗೆದರು. ಅವರು ತುಳಿದ ಸುದ್ದಿ ಆಗ ಗಾಡಿಗೆ ಮುಟ್ಟಿತು. ಸಾಹೇಬರು, ಪುಸ್ತಕ, ಪೆನ್ನು, ಹಿಂದೆ ಕೈಮುಗಿದುಕೊಂಡು ಕೂತಿದ್ದ ಕೆಂಚಪ್ಪ, ಎಲ್ಲರೂ ಒಟ್ಟಿಗೆ ಟೀ ಅಂಗಡಿಯ ಚಪ್ಪರದ ಕಡೆ ಹೊರಟರು. ಚಪ್ಪರ ಅವರ ಜೊತೆ ಸ್ವಲ್ಪ ದೂರ ಹೋಗಿ ನಿಂತಿತು. ಸಾಹೇಬರು ಟೋಪಿಯೊಳಕ್ಕೆ ಬಿದ್ದಿದ್ದ ಬನ್ನು ತೆಗೆದು ಬೆಂಚಿನ ಮೇಲಿಟ್ಟು ಪುಸ್ತಕ ಮುಚ್ಚಿದರು.

“ಇದಕ್ಕೆ ಹಾಕೋಕೆ ನನ್ನ ಹತ್ರ ಸೆಕ್ಷನ್ ಇಲ್ಲ,” ಅಂದರು. “ಹೋಗಿ. ನಾನು ನೋಡಿಲ್ಲ.”

ಈ ಪ್ರಸಂಗವನ್ನು ನಾನು ಮುಂದೆ ಹೇಳುವಾಗ ಇನ್‌ಸ್ಪೆಕ್ಟರು ಗಾಡಿಯ ಚಕ್ರಕ್ಕೆ ಉದ್ದಂಡ ನಮಸ್ಕಾರ ಹಾಕಿದರು ಎಂದು ಸೇರಿಸುತ್ತಿದ್ದೆ. ಊಟಕ್ಕೆ ಉಪ್ಪಿನಕಾಯಿ ಬೇಡವೇ? ಆದರೆ ಆ ಉಪ್ಪಿನಕಾಯಿಯನ್ನು ಬಡಿಸಬಾರದ ಮನೆಯಲ್ಲಿ ಬಡಿಸಿಬಿಟ್ಟೆ.

ಶಿಲ್ಪಶ್ರೀ ಅರಸೀಕೆರೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದಳು. ಬೇಲೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ರುದ್ರೇಶ ಅಲ್ಲಿಗೆ ಯಾವುದೋ ಪರೀಕ್ಷೆ ಬರೆಯಲು ಬಂದು, ಪರೀಕ್ಷೆ ಮುಗಿದ ಮೇಲೂ ಬರುತ್ತಲೇ ಇದ್ದ. ಮಗಳು ತಾಯಿಗೆ ಹೇಳಿದಳು, ತಾಯಿ ನನಗೆ ಹೇಳಿದಳು. ಜಾತಿ, ಕುಲ, ಜಾತಕ ಎಲ್ಲ ಕೂಡಿಬಂತು. ಹುಡುಗನ ಊರು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿ. ಅವನ ತಂದೆ ಶಿವಯ್ಯ ಸಾಧು ಮನುಷ್ಯ. ಅವರ ಮನೆಯಲ್ಲಿ ಕೊನೆಯ ಮಾತು ಮಾತ್ರ ಅಜ್ಜಿ ಮಾದಮ್ಮನದು. ಆ ಮುದುಕಿ ದಿನಕ್ಕೆ ಒಂದೋ ಎರಡೋ ಮಾತಾಡುವಾಕೆ. ಆಡಿದರೆ ಅದೇ ತೀರ್ಪು.

ನಾನು ಒಬ್ಬನೇ ಬಸ್ಸಿನಲ್ಲಿ ಮಾತುಕತೆಗೆ ಹೋದೆ. ಎಲ್ಲ ಸುಸೂತ್ರವಾಗಿ ಮುಗಿದು, ತಟ್ಟೆಯಲ್ಲಿ ಉಪ್ಪಿಟ್ಟು ಬಂದು, ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ಆ ಸುಮ್ಮನಿರುವಿಕೆ ನನಗೆ ಆಗಿಬರುವುದಿಲ್ಲ. ಪಿಕಪ್ಪಿನ ಕಥೆ ತೆಗೆದೆ. ಅಪ್ಪಣೆ ಕೊಡುವುದು, ಹಮಾಲರ ಮುಷ್ಕರವನ್ನು ಹಿಂದಿನ ದಿನವೇ ಕಂಡುಕೊಂಡದ್ದು, ಉದ್ದಂಡ ನಮಸ್ಕಾರ, ಎಲ್ಲ ಹೇಳಿದೆ. ಮಾದಮ್ಮ ಕಂಬಕ್ಕೆ ಒರಗಿ ಕೇಳಿಸಿಕೊಂಡಳು.

“ಹಂಗಾರೆ ಅದ್ನೇ ತಗಂಡ್ ಬನ್ನಿ,” ಅಂದಳು. “ಒಪ್ಪಿಗೆ ಶಾಸ್ತ್ರದ ದಿನ ಅದ್ನೇ ಕೇಳ್ತೀನಿ. ಅದು ಅಂದಂಗೆ.”

ಉಳಿದ ಉಪ್ಪಿಟ್ಟನ್ನು ತಟ್ಟೆಯಲ್ಲೇ ಬಿಟ್ಟು ಬಸ್ಸು ಹಿಡಿದೆ.

ಮನೆಗೆ ಬಂದು ಹೇಳಿದಾಗ ರಂಗಮ್ಮ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. ಶಿಲ್ಪಶ್ರೀ ಅಳಲಿಲ್ಲ, ಕೂಗಾಡಲಿಲ್ಲ. “ಅಪ್ಪಾ, ಅದು ಯಾವತ್ತಾದ್ರೂ ಯಾರಿಗಾದ್ರೂ ಹೂಂ ಅಂದಿದ್ಯಾ?” ಎಂದು ಮಾತ್ರ ಕೇಳಿದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಉಮೇಶನನ್ನು ಕರೆಸಿದೆ. “ಆ ಡಬ್ಬ ಕಿತ್ತಾಕೋ,” ಅಂದೆ.

“ಕಿತ್ರೆ ಗಾಡೀನೇ ಹೊರಡಲ್ಲ ಭಾವ,” ಅಂದ. “ಅದು ತಣ್ಣಗಿದ್ದಾಗಷ್ಟೇ ತಡ. ದೂರ ಓಡಿ ಎಂಜಿನ್ ಬಿಸಿ ಇದ್ರೆ ಮುಟ್ಟಿದ ತಕ್ಷಣ ಸ್ಟಾರ್ಟ್ ಆಗುತ್ತೆ. ನೀವು ಗಂಡಸಿ ಬಿಟ್ಟು ಯಾವತ್ತು ದೂರ ಓಡ್ಸಿದೀರಾ?”

ಇದನ್ನು ಅವನು ಮೊದಲೇ ಹೇಳಿದ್ದರೆ ಊರಿನ ಅರ್ಧ ಜನ ಇಷ್ಟು ಹೊತ್ತಿಗೆ ಬೋರು ಕೊರೆಸಿರುತ್ತಿದ್ದರು. ಇರಲಿ, ದಾರಿ ಸಿಕ್ಕಿತು. ಜಾವಗಲ್ ಮೇಲೆ ಬಸ್ತಿಹಳ್ಳಿಗೆ ಹೋಗುವಷ್ಟರಲ್ಲಿ ಎಂಜಿನ್ನು ಕಾದ ಕಾವಲಿಯಾಗಿರುತ್ತದೆ. ಹೋಗಿ ನಿಂತ ಕೂಡಲೇ, ಚಪ್ಪಲಿ ಬಿಡುವ ಮುಂಚೆಯೇ ಕೇಳಿಸಿಬಿಡುವುದು.

ಹೊರಟೆವು. ಮುಂದೆ ನಾನು, ರಂಗಮ್ಮ, ಶಿಲ್ಪಶ್ರೀ. ಹಿಂದೆ ಬ್ಯಾಟರಿಗಳ ನಡುವೆ ಉಮೇಶ ಮತ್ತು ಪೂಜಾರಿಯ ಹಕ್ಕಿನಿಂದ ಕೆಂಚಪ್ಪ, ಜೇಬಿನ ತುಂಬ ನಿಂಬೆಹಣ್ಣು. ದಾರಿಯುದ್ದಕ್ಕೂ ನಾನು ಒಮ್ಮೆಯೂ ನಿಲ್ಲಿಸಲಿಲ್ಲ. ಜಾವಗಲ್‌ನಲ್ಲಿ ಕುರಿಮಂದೆ ಅಡ್ಡ ಬಂದರೂ ಸುತ್ತು ಹೊಡೆಯುತ್ತಾ ಇದ್ದೆನೇ ಹೊರತು ನಿಲ್ಲಿಸಲಿಲ್ಲ. ಕುರುಬನಿಗೆ ತಲೆ ತಿರುಗಿತು.

ಬಸ್ತಿಹಳ್ಳಿಯಲ್ಲಿ ಗಾಡಿ ನಿಂತಿತು. “ಮೊದಲು ಅಪ್ಪಣೆ ಕೇಳೋಣ,” ಅಂದೆ.

“ಮೊದ್ಲು ಕಾಲ್ ತೊಳೀರಿ,” ಅಂದಳು ಮಾದಮ್ಮ.

ಕಾಲು ತೊಳೆದೆವು. “ಈಗ ಕೇಳೋಣ,” ಅಂದೆ. ಬೆಲ್ಲ ನೀರು ಬಂತು. ಕುಡಿದು, “ಈಗ” ಎಂದೆ. ಎಲೆ ಹಾಕಿದರು. ಹೋಳಿಗೆ ಊಟ. ನಾನು ಎದುರಿಗೆ ಬಡಿಸಿದ್ದನ್ನು ಅಗಿಯದೆ ನುಂಗಿ ಮೇಲೇಳಲು ನೋಡಿದರೆ, ಸಾಧು ಶಿವಯ್ಯ ನನ್ನ ಭುಜ ಒತ್ತಿ ಕೂರಿಸಿ ಇನ್ನೊಂದು ಹೋಳಿಗೆ ಹಾಕಿಸಿದರು. “ಬೀಗರು ನಾಚ್ಕೋತಾವ್ರೆ, ಹಾಕು, ಹಾಕು.” ಊಟವಾದ ಮೇಲೆ ಎಲೆಯಡಿಕೆ. ಅದಾದ ಮೇಲೆ, ಉಂಡ ಮೈ ಎಂದು ಅಜ್ಜಿ ಒಂದು ನಿದ್ದೆ ತೆಗೆದಳು. ಆಚೆ ನಿಂತಿದ್ದ ಪಿಕಪ್ಪಿನ ಬಾನೆಟ್ಟಿನ ಮೇಲೆ ಶಿಲ್ಪಶ್ರೀ ಅಂಗೈ ಇಟ್ಟು ನೋಡಿ ನನ್ನ ಕಡೆ ತಿರುಗಿದಳು. ಆ ಮುಖ ನೋಡಿದ ಮೇಲೆ ಎಂಜಿನ್ನು ತಣ್ಣಗಾಗಿದೆ ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಹೊತ್ತು ಇಳಿಯುವ ಮುಂಚೆ ಊರೆಲ್ಲ ಸೇರಿತು. ಮಾದಮ್ಮ ಆರತಿ ತಟ್ಟೆ ಹಿಡಿದು ಬಂದು ನನ್ನ ಪಕ್ಕದ ಸೀಟಿನಲ್ಲಿ ಹತ್ತಿ ಕೂತಳು. ತಟ್ಟೆಯಲ್ಲಿ ಕರ್ಪೂರದ ಬಿಲ್ಲೆ.

“ಕರ್ಪೂರ ಆರೋದ್ರೊಳ್ಗೆ ಸದ್ದು ಬರ್ಬೇಕು,” ಅಂದಳು. “ಬರ್ದಿದ್ರೆ ಬೇಡ.”

ರುದ್ರೇಶ ಬೇವಿನ ಮರಕ್ಕೆ ಒರಗಿ ನಿಂತಿದ್ದ. ಮರವೇ ಅವನಿಗೆ ಒರಗಿದಂತೆ ಕಾಣುತ್ತಿತ್ತು. ಅಜ್ಜಿ ಬೆಂಕಿಪೊಟ್ಟಣಕ್ಕೆ ಕೈ ಹಾಕಿದಳು.

“ನಿಲ್ಲಿ ಅತ್ತೆಮ್ಮ,” ಎಂದು ರಂಗಮ್ಮ ಮುಂದೆ ಬಂದಳು. “ಹೆಣ್ಣಿನ ಕಡೆಯೋರು ಒಂದು ಹಾಡು ಹೇಳ್ದೆ ಆರತಿ ಹಚ್ಚೋ ಪದ್ಧತಿ ನಮ್ಮಲ್ಲಿಲ್ಲ.” ನನ್ನನ್ನು ನೋಡಿ ಹುಬ್ಬು ಎತ್ತಿದಳು. ಮೂವತ್ತು ವರ್ಷದ ಸಂಸಾರದಲ್ಲಿ ನನಗೆ ಆ ಹುಬ್ಬಿನ ಭಾಷೆ ಒಂದೇ ಬಾರಿಗೆ ಅರ್ಥವಾದದ್ದು ಅದೇ ಮೊದಲು. ಅವಳ ಮೊದಲ ಸೊಲ್ಲಿಗೆ ನಾನು ಸದ್ದಿಲ್ಲದೆ ಕೀಲಿ ತಿರುಗಿಸಿದೆ.

ರಂಗಮ್ಮ ಗಣಪತಿಯಿಂದ ಶುರು ಮಾಡಿದಳು. ಶಿಲ್ಪಶ್ರೀ ದನಿಗೂಡಿಸಿದಳು. ಗಣಪತಿ ಮುಗಿದ, ಶಾರದೆ ಮುಗಿದಳು, ಪಾರ್ವತಿ ತವರಿಗೆ ಹೋಗಿ ವಾಪಸ್ಸು ಬಂದಳು. ಗಾಡಿ ಯೋಚನೆ ಮಾಡುತ್ತಲೇ ಇತ್ತು. ಗೊತ್ತಿದ್ದ ದೇವರೆಲ್ಲ ಖಾಲಿಯಾದ ಮೇಲೆ ರಂಗಮ್ಮ ಬಸ್ಸಿನ ದಾರಿ ಹಿಡಿದಳು. “ಜಾವಗಲ್ಲ ಪೇಟೆಯಲಿ ನೆಲೆನಿಂತ ಅಮ್ಮನಿಗೆ ಆರತಿ ಬೆಳಗಿರೆ” ಎಂದಳು. “ಅರಸೀಕೆರೆ ಜಂಕ್ಷನ್ನ ಕಾಯುವ ತಾಯಿಗೆ ಆರತಿ ಬೆಳಗಿರೆ” ಎಂದಳು. “ಹ್ಯಾಂಡ್‌ಪೋಸ್ಟಿನ ತಿರುವಲ್ಲಿ ನಿಂತಿರುವ ಅವ್ವನಿಗೆ” ಎಂದಾಗ ಕೆಂಚಪ್ಪ, “ಅಲ್ಲಿ ಯಾವ ಅವ್ವ ಐತೆ? ಟೀ ಅಂಗ್ಡಿ ಐತೆ,” ಎಂದ. ಉಮೇಶ ಅವನ ಕಾಲು ತುಳಿದ. ಹಾಡುತ್ತಾ ಹಾಡುತ್ತಾ ರಂಗಮ್ಮನ ದನಿ ಬಿದ್ದು ಹೋಗಿ ಬರೀ ಉಸಿರು ಬರತೊಡಗಿತು.

ಮಾದಮ್ಮ ಇನ್ನು ಸಾಕು ಎಂದು ಕೈಯೆತ್ತಿದಳು. ಕರ್ಪೂರ ಹಚ್ಚಿದಳು. ಗಾಡಿಯ ಡ್ಯಾಶ್‌ಬೋರ್ಡಿಗೆ ಒಮ್ಮೆ ಬೆಳಗಿದಳು. ಉರಿ ಒಂದು ಸಲ ಎದ್ದು, ಬಾಗಿ, ಸಣ್ಣಗಾಯಿತು.

“ಆಗ್ಲಾ?” ಎಂದು ಕೇಳಿದಳು.

ಡರ್ರ್.

ಬಸ್ತಿಹಳ್ಳಿಯಲ್ಲಿ ಅವತ್ತು ಎದ್ದ ಗದ್ದಲಕ್ಕೆ ಹಳೇಬೀಡಿನ ಕಲ್ಲಿನ ಆನೆಗಳೂ ಕಿವಿ ಆಡಿಸಿರಬೇಕು. ಶಿಲ್ಪಶ್ರೀ ತಾಯಿಯ ಭುಜದ ಮೇಲೆ ತಲೆಯಿಟ್ಟಳು. ರುದ್ರೇಶ ಮರವನ್ನು ಬಿಟ್ಟ. ನನಗಾದ ಸಂತೋಷ ಎಲ್ಲಿಗೆ ಹೋಗಬೇಕೋ ತಿಳಿಯದೆ ಬಲಗಾಲಿಗೆ ಇಳಿಯಿತು. ಆಕ್ಸಿಲರೇಟರನ್ನು ಮೂರು ಸಲವೋ ನಾಲ್ಕು ಸಲವೋ ಗುದ್ದಿದೆ. ಏನೂ ಆಗಲಿಲ್ಲ. ಕಾಲು ತೆಗೆದೆ. ಶಿವಯ್ಯ, “ಬೀಗರೇ, ಇಳೀರಿ, ಬಾಯಿ ಸಿಹಿ ಮಾಡ್ಕಳಿ,” ಎಂದು ಬಾಗಿಲಿಗೆ ಕೈ ಹಾಕಿದರು.

ಮೊದಲನೆಯ ಸುದ್ದಿ ಆಗ ತಲುಪಿತು.

ಗಾಡಿ ನೆಗೆಯಿತು. ಶಿವಯ್ಯನ ಕೈಯಲ್ಲಿ ಬಾಗಿಲಿನ ಹಿಡಿ ಉಳಿಯಿತು. ನಾನು ಬ್ರೇಕ್ ಹಾಕಿ ನಿಲ್ಲಿಸಿ ಉಸಿರು ಬಿಡುವಷ್ಟರಲ್ಲಿ ಎರಡನೆಯದು ತಲುಪಿತು. ತಿಂಗಳಾನುಗಟ್ಟಲೆ ಮನೆಗೆ ಬಾರದ ಅಂಚೆಯವನು ಒಂದೇ ದಿನ ಬಂದು ಕಾಗದಗಳನ್ನೆಲ್ಲ ಒಂದೊಂದಾಗಿ ಎಸೆದು ಹೋದ ಹಾಗೆ, ನಾನು ಗುದ್ದಿದ್ದು ಒಂದೊಂದಾಗಿ ಬರುತ್ತಲೇ ಇತ್ತು. ನಾವು ಬಸದಿಗಳ ಮುಂದಿನಿಂದ ನೆಗೆದೆವು. ಫೋಟೊ ತೆಗೆಯುತ್ತಿದ್ದ ಪ್ರವಾಸಿಗರ ಫೋಟೊದೊಳಗಿಂದ ನೆಗೆದೆವು. ಹಳೇಬೀಡು ದಾಟಿ ಬೇಲೂರಿನ ರಸ್ತೆಗೆ ಬಿದ್ದು, ಆ ರಸ್ತೆಯಲ್ಲಿ ಎಷ್ಟೋ ದೂರ ಹೋಗಿ, ಕೊನೆಗೆ ಒಂದು ಹುಲ್ಲಿನ ಬಣವೆ ನಮ್ಮನ್ನು ಹಿಡಿದುಕೊಂಡಿತು.

ಎಂಜಿನ್ನು ನಿಂತಿತು. ಮಾದಮ್ಮನ ತುರುಬು ಬಿಚ್ಚಿತ್ತು. ತಟ್ಟೆ ಕೈಯಲ್ಲಿತ್ತು, ಕರ್ಪೂರ ಎಲ್ಲಿ ಹೋಯಿತೋ. ಮದುವೆ ಮುರಿಯಿತು, ಮಗಳಿಗೆ ಯಾವ ಮುಖ ತೋರಿಸಲಿ ಎಂದು ನಾನು ಸ್ಟಿಯರಿಂಗಿಗೆ ಹಣೆ ಇಟ್ಟೆ.

“ಇನ್ನೊಂದ್ ಸಲ,” ಎಂದಳು ಮಾದಮ್ಮ.

“ಏನಮ್ಮ?”

“ಕಿವಿ ಕೇಳಲ್ವಾ? ಇನ್ನೊಂದ್ ಸಲ ಹಂಗೇ ಹಾರ್ಸು.”

ಬೇಲೂರಿನವರೆಗೂ ಹಾರಿಸಿದೆ. ವಾಪಸ್ಸೂ ಹಾರಿಸಿದೆ. ಎಪ್ಪತ್ತು ದಾಟಿದ ಆ ಮುದುಕಿ ಪ್ರತಿ ನೆಗೆತಕ್ಕೂ “ಹಾಂ” ಎನ್ನುತ್ತಿದ್ದಳು. ನಾವು ಬಸ್ತಿಹಳ್ಳಿಗೆ ಬಂದು ನಿಂತಾಗ ಎಂಜಿನ್ನು ಕಬ್ಬಿನ ಆಲೆಮನೆಯ ಒಲೆಯಂತೆ ಕಾದಿತ್ತು. ಹೆಂಗಸರು ಅಳುವುದಕ್ಕೆ ತಯಾರಾಗಿ ನಿಂತಿದ್ದರು. ಅಜ್ಜಿ ನಗುತ್ತಿದ್ದದ್ದನ್ನು ಕಂಡು ಎತ್ತಿದ ಸೆರಗನ್ನು ಕೆಳಗಿಳಿಸಿದರು.

“ಹೆಣ್ಣು ನಮ್ದು,” ಎಂದಳು ಮಾದಮ್ಮ. “ಇನ್ನೊಂದು ಮಾತು ಗಾಡೀನೇ ಕೇಳ್ಬೇಕು.” ತಾನೇ ಕೀಲಿಯ ಮೇಲೆ ಕೈಯಿಟ್ಟು, ಮಗುವನ್ನು ಕೇಳುವಂತೆ ಬಗ್ಗಿ, “ನಮ್ಮನೇಗ್ ಬಂದುಬಿಡ್ತೀಯಾ?” ಎಂದಳು.

ಮೂರು ಹಳ್ಳಿಯ ಮುಂದೆ, ಏಷ್ಯಾ ಖಂಡದ ಮುಂದೆ, ಹುಟ್ಟಿದಾಗಿನಿಂದ ಒಂದೇ ಒಂದು ಬಾರಿಯೂ ನನಗೆ ತಕ್ಷಣ ಹೂಂ ಅನ್ನದ ಆ ಗಾಡಿ ಅವಳ ಮಾತು ಮುಗಿಯುವ ಮುಂಚೆ ಸ್ಟಾರ್ಟ್ ಆಯಿತು.

“ಅಪ್ಪಣೆ ಆಯ್ತು,” ಎಂದು ಕೆಂಚಪ್ಪ ಕಣ್ಣೊರೆಸಿಕೊಂಡ. “ನೋಡ್ದೇನ್ಲಾ ನಂಜುಂಡ, ಎಷ್ಟು ದಿನದಿಂದ ಮನಸ್ನಲ್ಲಿ ಇಟ್ಕಂಡಿತ್ತೋ.”

ಉಮೇಶ ನನ್ನನ್ನು ನೋಡಿದ. ನಾನು ಉಮೇಶನನ್ನು ನೋಡಿದೆ. ಎಂಜಿನ್ನು ಬಿಸಿಯಾಗಿದೆ, ಅದಕ್ಕೆ, ಎಂದು ಹೇಳಲು ಒಂದು ಮಾತು ಸಾಕಾಗಿತ್ತು. ಆದರೆ ಎರಡನೆಯ ಅಪ್ಪಣೆ ಬಿಸಿಯ ಆಟವಾದರೆ ಮೊದಲನೆಯದು ಏನು ಎಂದು ಅಜ್ಜಿ ಕೇಳುತ್ತಾಳೆ. ಶಿಲ್ಪಶ್ರೀ ಎದುರಿಗೆ ನಿಂತಿದ್ದಳು. ಜೀವಮಾನದಲ್ಲಿ ಮೊದಲ ಬಾರಿಗೆ, ಮಾತಾಡಲು ಅಷ್ಟು ಒಳ್ಳೆಯ ವಿಷಯವಿದ್ದೂ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಮಾದಮ್ಮ ಬಿಟ್ಟಿ ಯಾವುದನ್ನೂ ಮುಟ್ಟುವವಳಲ್ಲ. ಪಿಕಪ್ಪಿಗೆ ಬದಲಾಗಿ ತನ್ನ ಹಟ್ಟಿಯ ಒಂದು ಜೊತೆ ಎತ್ತನ್ನೂ ಗಾಡಿಯನ್ನೂ ಕಟ್ಟಿಸಿ ನಿಲ್ಲಿಸಿದಳು. ಉಮೇಶ, ಪಿಕಪ್ಪಿಗೆ ಹೇಗೆ ಬ್ಯಾಟರಿ ನೀರು ಹಾಕಬೇಕು, ಅದನ್ನು ಹೇಗೆ ಮಾತಾಡಿಸಬೇಕು ಎಂದು ಹೇಳಿಕೊಡಲು ಅಲ್ಲೇ ಉಳಿದ. ಶಾಸ್ತ್ರದ ಆರತಿ ಮುಗಿದು, ಮರುದಿನ ಬೆಳಗ್ಗೆ ನಾವು ಎತ್ತಿನ ಗಾಡಿಯಲ್ಲಿ ಹೊರಟೆವು.

ಒಂದು ಮಾತು ಒಪ್ಪಲೇಬೇಕು. ಹೇ ಎಂದರೆ ಹೊರಟವು. ಎಷ್ಟು ಸಣ್ಣಗೆ ಎಂದರೂ ಹೊರಟವು. ಕೆಮ್ಮಿದರೂ ಹೊರಟವು. ನನಗೆ ಅಭ್ಯಾಸವಿಲ್ಲದೆ ಮೊದಲ ಸಲ ಹಿಂದಕ್ಕೆ ಬಿದ್ದೆ. ಬಿಸಿಲೇರಿತು. ಶಿಲ್ಪಶ್ರೀ ಹುಲ್ಲಿನ ಮೇಲೆ ನಿದ್ದೆ ಹೋದಳು. ರಂಗಮ್ಮನ ಗಂಟಲು ಕಟ್ಟಿತ್ತು, ಅವಳು ಸನ್ನೆಯಲ್ಲೇ ನನ್ನನ್ನು ಬೈಯುತ್ತಿದ್ದಳು. ಜಾವಗಲ್ ದಾಟಿದ ಮೇಲಿನ ಏರಿನಲ್ಲಿ ಎತ್ತುಗಳು ನಿಂತವು. ಹೇ ಎಂದೆ. ನಿಂತೇ ಇದ್ದವು.

“ಯಾಕ್ಲಾ ನಿಂತ್ವು?” ಎಂದು ಕೆಂಚಪ್ಪ ತಗ್ಗಿದ ದನಿಯಲ್ಲಿ ಕೇಳಿದ.

ನಾನು ಬಾಯಿ ತೆರೆದೆ. ರಂಗಮ್ಮ ನೋಡಿದಳು.

“ಸುಸ್ತಾಗವೆ ಕಣೋ,” ಎಂದೆ. “ನಂಗೂ ಆಗೈತೆ. ಅಷ್ಟೇಯ. ಬೇರೆ ಏನೂ ಇಲ್ಲ.”

ಕೆಂಚಪ್ಪ ನನ್ನ ಮುಖವನ್ನೇ ನೋಡಿದ. ‘ನಿಂಗೆ ಗೊತ್ತು, ಹೇಳ್ತಿಲ್ಲ’ ಎಂಬಂತೆ ತಲೆದೂಗಿದ. ಮೆಲ್ಲಗೆ ಇಳಿದು, ಚಪ್ಪಲಿ ಬಿಟ್ಟು, ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದು ಎತ್ತಿನ ಮುಂಗಾಲಿನ ಹತ್ತಿರ ಇಟ್ಟು ಕೈ ಮುಗಿದು ನಿಂತ.

ಬಲಗಡೆಯ ಎತ್ತು ಕತ್ತು ಬಗ್ಗಿಸಿ ನಿಂಬೆಹಣ್ಣನ್ನು ಮೂಸಿ, ತಿಂದು, ಮುಖ ಹುಳ್ಳಗೆ ಮಾಡಿಕೊಂಡು ಹೊರಟಿತು.

“ಬಲಗಡೇದು,” ಎಂದ ಕೆಂಚಪ್ಪ, ಚಪ್ಪಲಿ ಕೈಯಲ್ಲಿ ಹಿಡಿದು ಗಾಡಿಯ ಹಿಂದೆ ಓಡಿ ಬರುತ್ತಾ. “ಅಪ್ಪಣೆ ಆಯ್ತು ಕಣ್ಲಾ.”